ಬೋರ್ಡಿನ ಭಾಷೆ

ಬೋರ್ಡಿನಲ್ಲಿ ಯಾವ ಭಾಷೆ ಇರಬೇಕು ಎಂಬ ಪ್ರಶ್ನೆ ನಮ್ಮ ಕಡೆಯವರಿಗೆ ಹೊಸತಲ್ಲ. ಬಸ್ಸಿನ ಬೋರ್ಡು, ಪಂಚಾಯತು ಕಚೇರಿಯ ಬೋರ್ಡು, ಶಾಲೆಯ ಬೋರ್ಡು, ಊರಿನ ಹೆಸರಿನ ಬೋರ್ಡು - 1956ರ ನವೆಂಬರ್ 1ರಿಂದ ಈಚೆಗೆ ಈ ವಿಷಯದಲ್ಲಿ ನಾವು ಬರೆದ ಮನವಿಗಳನ್ನೆಲ್ಲ ಕೂಡಿಟ್ಟರೆ ಒಂದು ಅಟ್ಟ ತುಂಬೀತು. ಈ ಲೇಖನ ಅದರ ಬಗ್ಗೆ ಅಲ್ಲ. ಅಂಗೈಯಗಲದ ಇನ್ನೊಂದು ಬೋರ್ಡು ಉಂಟು. ಸಾಮಾನ್ಯವಾಗಿ ಹಸುರು ಬಣ್ಣದ್ದು, ಮೈತುಂಬ ತಾಮ್ರದ ಗೆರೆಗಳು, ಗೆರೆಗಳ ನಡುವೆ ಕಪ್ಪು ಚಿಪ್ಪುಗಳು ಕಾಲೂರಿ ಕುಳಿತಿರುತ್ತವೆ. ಟೀವಿಯೊಳಗೂ ಅದೇ, ಮೊಬೈಲಿನೊಳಗೂ ಅದೇ, ನಮ್ಮ ಬ್ಯಾಂಕಿನ ನೋಟು ಎಣಿಸುವ ಯಂತ್ರದೊಳಗೂ ಅದೇ. ಆ ಬೋರ್ಡಿನ ವಿಷಯದಲ್ಲಿಯೂ ಯಾವ ಭಾಷೆ ಎಂಬ ಚರ್ಚೆ ನಡೆಯುತ್ತದೆಂದು ನನಗೆ ತಿಳಿದದ್ದು ಅಕ್ಕನ ಮಗಳಿಂದ. ಬಿ.ಎ. ಓದಿ ಬ್ಯಾಂಕಿನ ಕೌಂಟರಿನಲ್ಲಿ ಕುಳಿತವನು ಇಂಥ ವಿಷಯಕ್ಕೆ ಕೈಹಾಕುವುದೇ ಎಂದು ಯಾರಾದರೂ ಕೇಳಬಹುದು. ಭಾಷೆಯ ವಿಷಯ ಅಂದಮೇಲೆ ನಮ್ಮೂರಿನಲ್ಲಿ ಎಲ್ಲರೂ ಕೈಹಾಕುವವರೇ ಅಲ್ಲವೆ?

ಅಕ್ಕನ ಮಗಳು ಊರಿನ ಕನ್ನಡ ಶಾಲೆಯಲ್ಲಿ ಹತ್ತನೆಯ ತರಗತಿಯವರೆಗೆ ಕಲಿತವಳು. ಆಮೇಲೆ ಪ್ಲಸ್ ಟು, ಇಂಜಿನಿಯರಿಂಗ್; ಈಗ ಬೆಂಗಳೂರಿನಲ್ಲಿ ಬೋರ್ಡುಗಳ ವಿನ್ಯಾಸ ಮಾಡುವ ಒಂದು ಸಣ್ಣ ಕಂಪೆನಿಯಲ್ಲಿ ಕೆಲಸ. ಕಳೆದ ದೀಪಾವಳಿಗೆಂದು ಬಂದವಳು ಎರಡು ದಿನವೂ ಚಾವಡಿಯಲ್ಲಿ ಲ್ಯಾಪ್‌ಟಾಪು ತೆರೆದು ಕುಳಿತಿದ್ದಳು. "ಎಂಥ ಮಾರಾಯ್ತಿ, ಎಣ್ಣೆ ಹಚ್ಚಿಕೊಳ್ಳಲಿಕ್ಕೂ ಪುರುಸೊತ್ತಿಲ್ಲವಾ?" ಎಂದೆ. "ಯಾವ ಭಾಷೆ ಅಂತ ಸೋಮವಾರ ಹೇಳಬೇಕು ಮಾವ" ಎಂದಳು. ಜಗಲಿಯಲ್ಲಿ ಅಡಿಕೆ ಸುಲಿಯುತ್ತಿದ್ದ ಭಾವ ಕೈ ನಿಲ್ಲಿಸಿ ತಲೆಯೆತ್ತಿದರು. ಅವರು ಪ್ರಾಯದಲ್ಲಿ ಭಾಷೆಯ ಮೆರವಣಿಗೆಗಳಲ್ಲಿ ಘೋಷಣೆ ಕೂಗಿದವರು. ಆ ಶಬ್ದ ಕೇಳಿದರೆ ಈಗಲೂ ಕಿವಿ ನಿಮಿರುತ್ತದೆ.

ಅವಳ ಕೆಲಸಕ್ಕೆ ಇಂಗ್ಲಿಷಿನಲ್ಲಿ ಸಿಗ್ನಲ್ ಇಂಟೆಗ್ರಿಟಿ ಎಂದು ಹೆಸರು. ಕಳುಹಿಸಿದ ಸಂಕೇತ ಕಳುಹಿಸಿದ ಹಾಗೆಯೇ ತಲುಪುತ್ತದೋ ಇಲ್ಲವೋ ಎಂದು, ಬೋರ್ಡು ತಯಾರಾಗುವ ಮೊದಲೇ, ಕಂಪ್ಯೂಟರಿನಲ್ಲಿ ನೋಡುವುದು. ಇದರಲ್ಲಿ ನೋಡಲಿಕ್ಕೆ ಏನಿದೆ ಎಂದು ನಾನೂ ಕೇಳಿದ್ದೆ. ತಂತಿಯ ಈ ತುದಿಯಲ್ಲಿ 3.3 ವೋಲ್ಟ್ ಕೊಟ್ಟರೆ ಆ ತುದಿಯಲ್ಲಿ 3.3 ವೋಲ್ಟ್ ಸಿಗಬೇಕು. ಹೈಸ್ಕೂಲಿನಲ್ಲಿ ನಮಗೆ ಕಲಿಸಿದ್ದು ಇಷ್ಟೆ. ಆದರೆ ಸಂಕೇತಕ್ಕೂ ದಾರಿ ನಡೆಯಲು ಹೊತ್ತು ಬೇಕಂತೆ. ಸಾಮಾನ್ಯ ಬೋರ್ಡಿನಲ್ಲಿ ಅದು ಒಂದು ನ್ಯಾನೊಸೆಕೆಂಡಿಗೆ, ಎಂದರೆ ಸೆಕೆಂಡಿನ ನೂರು ಕೋಟಿ ಪಾಲಿನಲ್ಲಿ ಒಂದು ಪಾಲು ಹೊತ್ತಿಗೆ, ಸುಮಾರು 15 ಸೆಂಟಿಮೀಟರ್ ಓಡುತ್ತದೆ. ಚಿಪ್ಪುಗಳು ಸೊನ್ನೆಯಿಂದ ಒಂದಕ್ಕೆ ನಿಧಾನವಾಗಿ ಏರುತ್ತಿದ್ದ ಕಾಲದಲ್ಲಿ ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಈಗಿನವು ಒಂದು ನ್ಯಾನೊಸೆಕೆಂಡಿನ ಒಳಗೆ ಏರಿ ನಿಲ್ಲುತ್ತವೆ. ಹಾಗಾಗಿ ಗೇಣುದ್ದದ ಗೆರೆ ಕೂಡ ಉದ್ದದ ದಾರಿಯೇ.

ತೋಟಕ್ಕೆ ಸ್ಪ್ರಿಂಕ್ಲರ್ ಹಾಕಿದವರಿಗೆ ಇದು ಬೇಗ ಅರ್ಥವಾಗುತ್ತದೆ. ನೀರು ರಭಸದಿಂದ ಹೋಗುತ್ತಿರುವಾಗ ತುದಿಯ ವಾಲ್ವನ್ನು ಫಕ್ಕನೆ ತಿರುಗಿಸಿದರೆ ಪೈಪು ಧಡ್ ಎಂದು ಹೊಡೆದುಕೊಳ್ಳುತ್ತದೆ. ಮುಂದೆ ದಾರಿ ಇಲ್ಲದ ಒತ್ತಡ ಹಿಂದಕ್ಕೆ ತಿರುಗಿ ಪಂಪಿನವರೆಗೆ ಹೋಗಿ ಮತ್ತೆ ಬರುತ್ತದೆ. ತಾಮ್ರದ ಗೆರೆಯಲ್ಲಿಯೂ ಹಾಗೆಯೇ. ಗೆರೆಗೆ ಇಂಪೀಡೆನ್ಸ್ ಎಂಬ ಒಂದು ಸ್ವಭಾವ ಇರುತ್ತದೆ. ಅನೇಕ ಬೋರ್ಡುಗಳಲ್ಲಿ ಅದನ್ನು 50 ಓಮ್ ಆಗುವಂತೆ ಮಾಡುತ್ತಾರೆ. ಆ ಸ್ವಭಾವ ಎಲ್ಲಿ ಬದಲಾಗುತ್ತದೋ ಆ ಗಡಿಯಲ್ಲಿ ಸಂಕೇತದ ಒಂದು ಪಾಲು ಮುಂದೆ ಹೋಗುತ್ತದೆ, ಒಂದು ಪಾಲು ಬಂದ ದಾರಿಗೆ ಹಿಂದಿರುಗುತ್ತದೆ.

ಎಷ್ಟು ಪಾಲು ಎಂದು ಕೇಳಿದೆ. ಕೌಂಟರಿನವನಿಗೆ ಮೊತ್ತ ಗೊತ್ತಾಗದೆ ಸಮಾಧಾನವಿಲ್ಲ. ಅವಳು ನನ್ನ ಜೇಬಿನಲ್ಲಿದ್ದ ಹಳೆಯ ಚಲನ್ನಿನ ಹಿಂಬದಿಯಲ್ಲಿ ಬರೆದು ತೋರಿಸಿದಳು. ಕಳುಹಿಸುವ ಚಿಪ್ಪಿನ ಒಳತಡೆ 20 ಓಮ್ ಎಂದಿಟ್ಟುಕೊಳ್ಳಿ, ಗೆರೆ 50 ಓಮ್, ಆ ತುದಿಯಲ್ಲಿ ದಾರಿ ಮುಚ್ಚಿದೆ. 3.3 ವೋಲ್ಟಿನಲ್ಲಿ ಎಪ್ಪತ್ತರಲ್ಲಿ ಐವತ್ತು ಪಾಲು, ಎಂದರೆ 2.36 ವೋಲ್ಟ್, ಹೊರಡುತ್ತದೆ. ಮುಚ್ಚಿದ ತುದಿಗೆ ಬಡಿದು ಇಮ್ಮಡಿಯಾಗುತ್ತದೆ: 4.71. ಹಿಂದಿರುಗಿದ ಅಲೆ ಚಿಪ್ಪಿಗೆ ಬಡಿದು, ಈ ಸಲ ತಲೆಕೆಳಗಾಗಿ, ಮತ್ತೆ ಬರುತ್ತದೆ: 2.69. ಮತ್ತೆ 3.56. ಮತ್ತೆ 3.19. ಹೀಗೆ ತೊನೆದಾಡುತ್ತ ಕೊನೆಗೆ 3.3ಕ್ಕೆ ನಿಲ್ಲುತ್ತದೆ. ನಾನು ಕ್ಯಾಲ್ಕುಲೇಟರಿನಲ್ಲಿ ತಾಳೆ ನೋಡಿದೆ, ಸರಿಯಾಗಿತ್ತು.

"ಇಷ್ಟಾದರೆ ತೊಂದರೆ ಇಲ್ಲ ಮಾವ. ಒಳತಡೆ 20ರ ಬದಲು 10 ಆಗಿದ್ದರೆ?" ಎಂದಳು. ಲೆಕ್ಕ ಹಾಕಿದೆ. ಮೊದಲು 5.5 ವೋಲ್ಟಿಗೆ ಹಾರಿ ಆಮೇಲೆ 1.83ಕ್ಕೆ ಕುಸಿಯುತ್ತದೆ. ಈ ಜಾತಿಯ ಚಿಪ್ಪು 2 ವೋಲ್ಟಿಗಿಂತ ಮೇಲಿದ್ದರೆ ಮಾತ್ರ ಅದನ್ನು ಒಂದು ಎಂದು ಖಚಿತವಾಗಿ ಓದುತ್ತದೆ, 0.8ಕ್ಕಿಂತ ಕೆಳಗಿದ್ದರೆ ಸೊನ್ನೆ. ನಡುವೆ ಇದ್ದರೆ ಅದರ ಮರ್ಜಿ. ಗಡಿಯಾರದಂತೆ ತಾಳ ಹಾಕುವ ಸಂಕೇತವೊಂದು ಹೀಗೆ ಮೇಲೆ ಕೆಳಗೆ ಆಡಿದರೆ ಒಂದು ತಾಳವನ್ನು ಎರಡೆಂದು ಎಣಿಸುವ ಸಂಭವ ಇದೆ. ಒಂದು ಕಟ್ಟನ್ನು ಎರಡು ಸಲ ಎಣಿಸಿದ ಹಾಗೆ. ಅಂಥ ಬೋರ್ಡು ಕೆಲವೊಮ್ಮೆ ಸರಿ ಇರುತ್ತದೆ, ಕೆಲವೊಮ್ಮೆ ಕೈಕೊಡುತ್ತದೆ. ಅದೇ ಎಲ್ಲಕ್ಕಿಂತ ಕೆಟ್ಟ ರೋಗ. ಮತ್ತೆ ಬೋರ್ಡು ಮಾಡಿಸುವುದೆಂದರೆ ವಾರಗಟ್ಟಲೆ ಕಾಯಬೇಕು, ಖರ್ಚು ಬೇರೆ.

ಅಂದಮೇಲೆ ಎಲ್ಲವೂ ನಿಂತಿರುವುದು ಆ ಚಿಪ್ಪಿನ ಸ್ವಭಾವ ಏನೆಂಬುದರ ಮೇಲೆ. ಗೆರೆಯ ಉದ್ದ ಅಗಲ ನಮ್ಮ ಕೈಯಲ್ಲಿದೆ. ಚಿಪ್ಪಿನ ಒಳಗಿನದು ಅದನ್ನು ಮಾಡಿದವರಿಗೆ ಮಾತ್ರ ಗೊತ್ತು. ನಿಜವಾದ ಚಿಪ್ಪಿನಲ್ಲಿ ಒಳತಡೆ ಒಂದೇ ಅಂಕಿಯೂ ಅಲ್ಲ. ವೋಲ್ಟು ಬದಲಾದ ಹಾಗೆ ಅದೂ ಬದಲಾಗುತ್ತದೆ. ಆದ್ದರಿಂದ ಚಿಪ್ಪು ಮಾಡಿದವರು ಅದರ ಗುಣವನ್ನು ಯಾವುದಾದರೊಂದು ಮಾದರಿ ಭಾಷೆಯಲ್ಲಿ ಬರೆದು ಕೊಡಬೇಕು, ಕೊಂಡವರ ಕಂಪ್ಯೂಟರು ಅದನ್ನು ಓದಬೇಕು. ಯಾವ ಭಾಷೆಯಲ್ಲಿ? ಜಗಳ ಸುರುವಾಗುವುದು ಇಲ್ಲಿ.

ಎಲ್ಲಕ್ಕಿಂತ ಹಳೆಯದು ಸ್ಪೈಸ್. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಡೊನಾಲ್ಡ್ ಪೆಡರ್ಸನ್ ಎಂಬ ಪ್ರಾಧ್ಯಾಪಕರ ಕೈಕೆಳಗೆ ಲಾರೆನ್ಸ್ ನೇಗಲ್ ಎಂಬ ವಿದ್ಯಾರ್ಥಿ ಇದನ್ನು ಕಟ್ಟಿದರು. 1973ರಲ್ಲಿ ಕೆನಡಾದ ಒಂದು ಸಮ್ಮೇಳನದಲ್ಲಿ ಲೋಕಕ್ಕೆ ಪರಿಚಯವಾಯಿತು. ರಂಧ್ರ ಹೊಡೆದ ಕಾರ್ಡುಗಳ ಕಾಲದ್ದಾದ್ದರಿಂದ ಅದಕ್ಕೆ ಹಿರಿಯರ ಕೆಲವು ಹಠಗಳು ಉಳಿದುಬಂದಿವೆ. ಕಡತದ ಮೊದಲ ಸಾಲಿನಲ್ಲಿ ನೀವು ಏನೇ ಬರೆಯಿರಿ, ಅದನ್ನು ಶೀರ್ಷಿಕೆ ಎಂದೇ ತಿಳಿದು ಬದಿಗಿಡುತ್ತದೆ. ಬರ್ಕ್ಲಿಯವರು ಅದನ್ನು ತಮ್ಮಲ್ಲೇ ಇಟ್ಟುಕೊಳ್ಳದೆ ಕೇಳಿದವರಿಗೆಲ್ಲ ಕೊಟ್ಟರು. ಊರೂರಿಗೆ ಹಬ್ಬಿತು, ಹಬ್ಬಿದಲ್ಲೆಲ್ಲ ಬದಲಾಯಿತು. ಮಂಗಳೂರಿನ ಕನ್ನಡ, ಧಾರವಾಡದ ಕನ್ನಡ ಎಂಬಂತೆ ಎಚ್‌ಸ್ಪೈಸ್, ಪಿಸ್ಪೈಸ್ ಎಂದು ಮಾತಿನ ರೀತಿಗಳಾದವು. ಒಂದಕ್ಕೆ ಬರೆದದ್ದು ಇನ್ನೊಂದಕ್ಕೆ ಪೂರ್ತಿ ಹೊಂದುವುದಿಲ್ಲ.

ಸ್ಪೈಸ್ ಒಳಗಿನದನ್ನು ಹೇಳುವ ಭಾಷೆ. ಎಷ್ಟು ಟ್ರಾನ್ಸಿಸ್ಟರು, ಯಾವುದು ಯಾವುದಕ್ಕೆ ಕೂಡಿದೆ, ಒಂದೊಂದರ ಅಳತೆ ಎಷ್ಟು, ಎಲ್ಲವನ್ನೂ ಬಿಡಿಸಿ ಬರೆಯಬೇಕು. ಅದಕ್ಕಿಂತ ನಿಖರವಾದ ವಿವರಣೆ ಬೇರೆ ಇಲ್ಲ. ಆದರೆ ಹಾಗೆ ಬರೆದರೆ ಕಾರ್ಖಾನೆಯ ಗುಟ್ಟೆಲ್ಲ ಹೊರಬೀಳುತ್ತದೆ. ಆದ್ದರಿಂದ ಚಿಪ್ಪಿನವರು ಕೊಡಲು ಹಿಂಜರಿಯುತ್ತಾರೆ. ಕೊಟ್ಟರೂ ಯಾರಿಗೂ ತೋರಿಸುವುದಿಲ್ಲವೆಂಬ ಕರಾರಿಗೆ ಸಹಿ ಹಾಕಿಸಿಕೊಂಡು, ಬೀಗ ಹಾಕಿದ ಕಡತವಾಗಿ, ಯಾವುದೋ ಒಂದು ಕಂಪೆನಿಯ ತಂತ್ರಾಂಶದಲ್ಲಿ ಮಾತ್ರ ತೆರೆಯುವಂತೆ ಕೊಡುತ್ತಾರೆ. ಅಷ್ಟೂ ಟ್ರಾನ್ಸಿಸ್ಟರುಗಳ ಲೆಕ್ಕ ಹಾಕುತ್ತ ಕಂಪ್ಯೂಟರು ಗಂಟೆಗಟ್ಟಲೆ ಕುಳಿತುಬಿಡುತ್ತದೆ, ಅದು ಬೇರೆ.

1990ರ ದಶಕದ ಮೊದಲಿಗೆ ಇಂಟೆಲ್ ಕಂಪೆನಿಗೆ ಇದೇ ಇಕ್ಕಟ್ಟು ಬಂತು. ಕಂಪ್ಯೂಟರಿನೊಳಗೆ ಪಿ.ಸಿ.ಐ. ಎಂಬ ಹೊಸ ಹೆದ್ದಾರಿಯನ್ನು ಅವರು ಆಗ ಮಾಡುತ್ತಿದ್ದರು. ಅದರ ವಿಶೇಷವೆಂದರೆ ಹಿಂದಿರುಗುವ ಅಲೆಯನ್ನು ತೊಂದರೆ ಎಂದು ನೋಡದೆ ಕೆಲಸಕ್ಕೆ ಹಚ್ಚಿದ್ದು: ಚಿಪ್ಪು ಬೇಕಾದ ವೋಲ್ಟಿನ ಅರ್ಧದಷ್ಟನ್ನು ಮಾತ್ರ ತಳ್ಳುತ್ತದೆ, ತುದಿಗೆ ಬಡಿದು ಬಂದಾಗ ಪೂರ್ತಿಯಾಗುತ್ತದೆ. ಇಂಥದರಲ್ಲಿ ಬೋರ್ಡು ಮಾಡುವವರಿಗೆ ಚಿಪ್ಪಿನ ಗುಣ ಸರಿಯಾಗಿ ತಿಳಿಯಲೇಬೇಕು, ಗುಟ್ಟು ಮಾತ್ರ ತಿಳಿಯಬಾರದು. ಹಾಗಾಗಿ ಒಳಗಿನದನ್ನು ಬಿಟ್ಟು ಕಾಲಿನಲ್ಲಿ ಕಾಣುವುದನ್ನಷ್ಟೆ ಕೋಷ್ಟಕ ಮಾಡಿದರು: ಈ ಕಾಲಿನಲ್ಲಿ ಇಷ್ಟು ವೋಲ್ಟಿದ್ದರೆ ಇಷ್ಟು ಕರೆಂಟು. 1993ರಲ್ಲಿ ತಂತ್ರಾಂಶ ಮಾಡುವ ಕಂಪೆನಿಗಳನ್ನೂ ಸೇರಿಸಿಕೊಂಡು ಒಂದು ಒಪ್ಪಿತ ರೂಪಕ್ಕೆ ತಂದರು. ಅದಕ್ಕೆ ಐಬಿಸ್ ಎಂದು ಹೆಸರು. ಗದ್ದೆಯ ಕೆಸರಿನಲ್ಲಿ ಹುಳ ಹೆಕ್ಕುವ, ಕೊಕ್ಕು ಬಾಗಿದ ಒಂದು ಹಕ್ಕಿಗೂ ಇಂಗ್ಲಿಷಿನಲ್ಲಿ ಇದೇ ಹೆಸರು.

ಐಬಿಸ್ ನನಗೆ ಕೂಡಲೇ ಹಿಡಿಸಿತು. ಅದು ನಮ್ಮ ಕೌಂಟರಿನ ಭಾಷೆ. ಗ್ರಾಹಕನಿಗೆ ಸ್ಟ್ರಾಂಗ್ ರೂಮಿನ ಬಾಗಿಲು ಎಷ್ಟು ದಪ್ಪ, ಕೀಲಿಕೈ ಯಾರಲ್ಲಿದೆ ಎಂಬುದೆಲ್ಲ ಬೇಡ; ಚೀಟಿ ಕೊಟ್ಟರೆ ಎಷ್ಟು ಹಣ ಎಷ್ಟು ಹೊತ್ತಿಗೆ ಸಿಗುತ್ತದೆ ಎಂಬುದಷ್ಟೆ ಬೇಕು. ಕಡತ ತೆರೆದರೆ ಸಾದಾ ಅಕ್ಷರಗಳು. ಚೌಕ ಕಂಸದೊಳಗೆ ಶೀರ್ಷಿಕೆ, ಅದರ ಕೆಳಗೆ ನಾಲ್ಕು ಕಾಲಮು: ಮೊದಲನೆಯದು ವೋಲ್ಟು, ಆಮೇಲೆ ಸಾಮಾನ್ಯವಾಗಿ ಇರುವಷ್ಟು, ಅತಿ ಕಡಿಮೆ, ಅತಿ ಹೆಚ್ಚು ಎಂದು ಮೂರು. ಲೆಡ್ಜರು ಓದುವವನು ಇದನ್ನೂ ಓದಬಲ್ಲ. ಹೆಚ್ಚೇನು, ಕಡತದಲ್ಲಿ ತಪ್ಪಿದೆಯೇ ಎಂದು ನೋಡಲು ಒಂದು ತಪಾಸಣೆಯ ತಂತ್ರಾಂಶವನ್ನೂ ಆ ಕೂಟದವರು ಪುಕ್ಕಟೆ ಹಂಚುತ್ತಾರೆ. ಪುಕ್ಕಟೆ ಆಡಿಟರು!

ಎರಡು ಭಾಷೆ ಅಕ್ಕಪಕ್ಕ ಇದ್ದಲ್ಲಿ ಆಗುವ ಪೇಚು ಇಲ್ಲೂ ಇದೆ. ಸ್ಪೈಸಿನಲ್ಲಿ ಅಂಕಿಯ ಮುಂದೆ 'ಎಂ' ಎಂಬ ಅಕ್ಷರ ಬರೆದರೆ, ದೊಡ್ಡದಿರಲಿ ಚಿಕ್ಕದಿರಲಿ, ಅದು ಮಿಲಿ, ಎಂದರೆ ಸಾವಿರದ ಒಂದು ಪಾಲು. ಐಬಿಸ್‌ನಲ್ಲಿ ಚಿಕ್ಕ 'ಎಂ' ಮಿಲಿ, ದೊಡ್ಡ 'ಎಂ' ಮೆಗಾ, ಎಂದರೆ ಹತ್ತು ಲಕ್ಷ. ಒಂದೇ ಅಕ್ಷರ, ನಡುವೆ ನೂರು ಕೋಟಿ ಪಟ್ಟು ವ್ಯತ್ಯಾಸ. ಇದನ್ನು ಕೇಳಿ ನಾನು ಬಹಳ ಹೊತ್ತು ನಕ್ಕೆ. ಸೇವಿಂಗ್ಸ್ ಕೌಂಟರಿನಲ್ಲಿದ್ದಾಗ, ಚೆಕ್ಕುಗಳ ಕಟ್ಟು ತಂದ ಚೆರುವತ್ತೂರು ಕಡೆಯ ಒಬ್ಬ ಹಿರಿಯರನ್ನು ನಾನು ನನ್ನ ಮುರುಕು ಮಲೆಯಾಳದಲ್ಲಿ "ಪಟ್ಟಿ ಎಲ್ಲಿ?" ಎಂದು ಕೇಳಿದ್ದೆ. ನಾನು ಕೇಳಿದ್ದು ಚೆಕ್ಕುಗಳ ಪಟ್ಟಿ. ಅವರು ಹಿಂದಿರುಗಿ ಬಾಗಿಲ ಕಡೆ ನೋಡಿ, ನಾಯಿಯನ್ನು ತಂದಿಲ್ಲ ಎಂದರು. ಈ ವಾರ್ಷಿಕದ ಎರಡೂ ಬದಿಯ ಓದುಗರಿಗೆ ವಿವರಿಸಬೇಕಾಗಿಲ್ಲ.

ಸ್ಪೈಸ್, ಐಬಿಸ್ ಎರಡೇ ಇದ್ದಿದ್ದರೆ ಆಯ್ಕೆ ಸುಲಭವಿತ್ತು. ಆದರೆ ಕೋಷ್ಟಕದಲ್ಲಿ ಎಲ್ಲವನ್ನೂ ಹೇಳಲು ಆಗುವುದಿಲ್ಲ. ಚಿಪ್ಪು ಜಾಣತನ ಮಾಡತೊಡಗಿತು. ಹಿಂದಿನ ಬಿಟ್ ಏನಿತ್ತೆಂದು ನೋಡಿ ಈಗಿನದನ್ನು ಹೆಚ್ಚು ಕಡಿಮೆ ಮಾಡತೊಡಗಿತು. ಇಂಥ ನಡತೆಯನ್ನು ಹೇಳಲು ವಾಕ್ಯರಚನೆ ಇರುವ ದೊಡ್ಡ ಭಾಷೆ ಬೇಕು. ಅಂಥವು ಎರಡು ಇದ್ದವು. ಒಂದು ಅಮೆರಿಕದ ರಕ್ಷಣಾ ಇಲಾಖೆಯ ಯೋಜನೆಯಿಂದ ಹುಟ್ಟಿ 1987ರಲ್ಲಿ ಪ್ರಮಾಣಿತವಾದ ವಿ.ಎಚ್.ಡಿ.ಎಲ್. ಮತ್ತೊಂದು 1980ರ ದಶಕದ ನಡುವೆ ಒಂದು ಖಾಸಗಿ ಕಂಪೆನಿಯಲ್ಲಿ ಹುಟ್ಟಿ 1995ರಲ್ಲಿ ಪ್ರಮಾಣಿತವಾದ ವೆರಿಲಾಗ್. ಮೊದಮೊದಲು ಎರಡಕ್ಕೂ ಸೊನ್ನೆ, ಒಂದು ಅಷ್ಟೆ ಗೊತ್ತಿದ್ದದ್ದು. ಏರಿಳಿಯುವ ವೋಲ್ಟನ್ನು ಸಮೀಕರಣಗಳಲ್ಲಿ ಹೇಳುವ ಶಕ್ತಿಯನ್ನು ಆಮೇಲೆ ಕೂಡಿಸಿದರು. ಹಾಗೆ ಬೆಳೆದ ರೂಪಕ್ಕೆ ಎ.ಎಂ.ಎಸ್. ಎಂಬ ಬಾಲ. 2004ರಲ್ಲಿ ಬಂದ ಐಬಿಸ್‌ನ 4.1ನೆಯ ಆವೃತ್ತಿ ಬಾಗಿಲನ್ನು ಅಗಲವಾಗಿ ತೆರೆಯಿತು: ಐಬಿಸ್ ಕಡತದೊಳಗಿಂದ ಸ್ಪೈಸ್, ವಿ.ಎಚ್.ಡಿ.ಎಲ್.-ಎ.ಎಂ.ಎಸ್., ವೆರಿಲಾಗ್-ಎ.ಎಂ.ಎಸ್., ಯಾವುದನ್ನು ಬೇಕಾದರೂ ಕರೆಯಬಹುದು. ಬಹುಭಾಷಾ ವಿಸ್ತರಣೆ ಎಂದೇ ಅದನ್ನು ಕರೆದರು.

"ಭಾರೀ ಒಳ್ಳೆಯದಾಯಿತಲ್ಲ" ಎಂದರು ಭಾವ ಜಗಲಿಯಿಂದಲೇ.

"ಕಾಗದದಲ್ಲಿ ಒಳ್ಳೆಯದೇ ಅಪ್ಪ. ಬರೆದು ಕೊಡುವವರು ಬೇಕಲ್ಲ" ಎಂದಳು.

ಬರೆದು ಕೊಡುವವರು ಕಡಿಮೆಯಾದರು. ಚಿಪ್ಪಿನ ಕಂಪೆನಿಗಳು ಆ ಭಾಷೆಗಳಲ್ಲಿ ಮಾದರಿಗಳನ್ನು ವಿರಳವಾಗಿ ಕೊಟ್ಟವು. ಕೊಟ್ಟದ್ದನ್ನು ಓದಲು ಎಲ್ಲ ತಂತ್ರಾಂಶಗಳಿಗೂ ಒಂದೇ ರೀತಿ ಬರುತ್ತಿರಲಿಲ್ಲ. ಓದಲು ಬಾರದೆಂದು ಬರೆಯಲಿಲ್ಲ, ಬರೆದದ್ದಿಲ್ಲವೆಂದು ಓದಲು ಕಲಿಸಲಿಲ್ಲ. ಹೇಳುವ ಶಕ್ತಿಯಲ್ಲಿ ಈ ಎರಡು ಭಾಷೆಗಳು ಐಬಿಸ್‌ಗಿಂತ ಎಷ್ಟೋ ಮೇಲೆ. ಹಾಗಿದ್ದರೂ ಬೋರ್ಡಿನ ಕೆಲಸದಲ್ಲಿ ಬೇರೂರಲಿಲ್ಲ. ಇಲ್ಲಿ ಭಾವ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಕನ್ನಡದಲ್ಲಿ ಅರ್ಜಿಯ ನಮೂನೆ ಕೇಳುವವರಿಲ್ಲವೆಂದು ತರಿಸುವುದಿಲ್ಲ, ತರಿಸಿಲ್ಲವೆಂದು ಯಾರೂ ಕೇಳುವುದಿಲ್ಲ ಎಂಬುದನ್ನು ಅವರು ಕಚೇರಿ ಕಚೇರಿಗಳಲ್ಲಿ ನೋಡಿದವರು.

ಅವಳ ಮಾತನ್ನು ಬೇರೊಂದು ಕಿವಿಯಿಂದ ಕೇಳುತ್ತಿದ್ದವನು ನನ್ನ ತಮ್ಮ. ಅವನ ಮಗಳು ಬರುವ ಜೂನಿಗೆ ಒಂದನೆಯ ತರಗತಿಗೆ. ಕನ್ನಡ ಶಾಲೆ ನಡೆದು ಹೋಗುವಷ್ಟು ಹತ್ತಿರ, ಇಂಗ್ಲಿಷ್ ಶಾಲೆಯ ಬಸ್ಸು ಗೇಟಿಗೇ ಬರುತ್ತದೆ. ಮನೆಯಲ್ಲಿ ಎರಡು ತಿಂಗಳಿಂದ ಅದೇ ಮಾತು. ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಸೌಲಭ್ಯ ಇರಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ ಎಂದು ನಾನು ಎಷ್ಟು ಸಲ ಹೇಳಿದ್ದೇನೋ! ವಿಧಿ ಇರುವುದು ಗೊತ್ತು, ಮಕ್ಕಳು ಎಷ್ಟು ಮಂದಿ ಇದ್ದಾರೆ ಅಣ್ಣ ಎಂದು ಅವನ ಉತ್ತರ. "ನೀನು ಸತ್ಯ ಹೇಳು, ಕನ್ನಡ ಮೀಡಿಯಂನಲ್ಲಿ ಕಲಿತು ನಿನಗೆ ಕಷ್ಟ ಆಯಿತಾ ಇಲ್ಲವಾ?" ಎಂದು ಅವಳನ್ನೇ ಕೇಳಿದ.

ಅವಳು ಕೂಡಲೇ ಉತ್ತರ ಕೊಡಲಿಲ್ಲ. "ಪ್ಲಸ್ ವನ್ನಿನಲ್ಲಿ ಆರು ತಿಂಗಳು ಕ್ಲಾಸಿನಲ್ಲಿ ಬಾಯಿ ಬಿಡಲಿಲ್ಲ ಮಾವ. ಭಿನ್ನರಾಶಿಯಲ್ಲಿ ಅಂಶ ಯಾವುದು ಛೇದ ಯಾವುದು ಗೊತ್ತಿತ್ತು, ಇಂಗ್ಲಿಷಿನಲ್ಲಿ ಅವುಗಳ ಹೆಸರು ಗೊತ್ತಿರಲಿಲ್ಲ. ಹೆಸರು ಕಲಿತ ಮೇಲೆ ಲೆಕ್ಕವನ್ನು ಹೊಸತಾಗಿ ಕಲಿಯಬೇಕಾಗಲಿಲ್ಲ. ಆದರೆ ಆ ಆರು ತಿಂಗಳು ಸುಲಭ ಇರಲಿಲ್ಲ" ಎಂದಳು. ತಮ್ಮ ತಲೆಯಾಡಿಸಿದ. ಒಪ್ಪಿಕೊಂಡು ಆಡಿಸಿದ್ದೋ ಅಲ್ಲವೋ ನನಗೆ ತಿಳಿಯಲಿಲ್ಲ. ಅವನು ಈವರೆಗೂ ತೀರ್ಮಾನ ಮಾಡಿಲ್ಲ.

ಅದಿರಲಿ. ಬಹುಭಾಷೆಯ ಬಾಗಿಲಿನಿಂದ ಯಾರೂ ಬಾರದೆ ಹೋದದ್ದರಿಂದ ಐಬಿಸ್‌ನವರು 2008ರಲ್ಲಿ, 5.0 ಆವೃತ್ತಿಯಲ್ಲಿ, ಬೇರೆ ದಾರಿ ಹಿಡಿದರು. ಅದರ ಹೆಸರು ಎ.ಎಂ.ಐ. ಇದು ಅತಿ ವೇಗದ ಸಂಕೇತಗಳಿಗೆ. ಸೆಕೆಂಡಿಗೆ ಸಾವಿರ ಕೋಟಿ ಬಿಟ್ ಹೋಗುವ ಗೆರೆಯಲ್ಲಿ ಒಂದೊಂದು ಬಿಟ್ಟಿನ ಉದ್ದ ಒಂದೂವರೆ ಸೆಂಟಿಮೀಟರ್ ಅಷ್ಟೆ. 30 ಸೆಂಟಿಮೀಟರಿನ ಗೆರೆಯ ಮೇಲೆ ಒಂದೇ ಹೊತ್ತಿಗೆ ಇಪ್ಪತ್ತು ಬಿಟ್ಟುಗಳು ಇರುವೆಯ ಸಾಲಿನಂತೆ ನಡೆಯುತ್ತಿರುತ್ತವೆ. ಇಂಥಲ್ಲಿ ತಪ್ಪು ಎಷ್ಟಕ್ಕೊಂದು ಎಂದು ತಿಳಿಯಲು ಲಕ್ಷಾಂತರ ಬಿಟ್ಟುಗಳನ್ನು ಓಡಿಸಿ ನೋಡಬೇಕು, ಸ್ಪೈಸಿಗೆ ಅದು ಎಟುಕುವ ಮಾತಲ್ಲ. ಎ.ಎಂ.ಐ.ಯಲ್ಲಿ ಚಿಪ್ಪಿನವರು ತಮ್ಮ ಮಾದರಿಯನ್ನು ಸಾಮಾನ್ಯವಾಗಿ ಸಿ ಭಾಷೆಯಲ್ಲೋ ಅದರ ಬಳಗದ ಇನ್ನೊಂದರಲ್ಲೋ ಬರೆದು, ಯಂತ್ರಕ್ಕೆ ಮಾತ್ರ ತಿಳಿಯುವ ರೂಪಕ್ಕೆ ಅರೆದು ಕೊಡುತ್ತಾರೆ. ಜೊತೆಗೆ ಒಂದು ಸಣ್ಣ ಪಠ್ಯ ಕಡತ: ಯಾವ ಗುಂಡಿ ತಿರುಗಿಸಬಹುದು, ಎಲ್ಲಿಂದ ಎಲ್ಲಿಯವರೆಗೆ ಎಂದು. ಲೆಕ್ಕ ಬೇಗ ಆಗುತ್ತದೆ, ಗುಟ್ಟೂ ಉಳಿಯುತ್ತದೆ. ಆದರೆ ಮೊಹರು ಹಾಕಿದ ಲಕೋಟೆ ಅದು. ಎಲ್ಲರೂ ಓದಬಹುದಾದ ಕೋಷ್ಟಕದಿಂದ ಹೊರಟು ಯಾರೂ ಓದಲಾಗದ ಲಕೋಟೆಗೆ ಬಂದು ಮುಟ್ಟಿದ್ದು ನನಗೇನೋ ಹಿಡಿಸಲಿಲ್ಲ. ಅವಳಿಗೆ ಆ ಬೇಸರವಿಲ್ಲ. ಕೆಲಸ ಆಗುತ್ತದಲ್ಲ ಮಾವ ಎನ್ನುತ್ತಾಳೆ.

ಈಗ ಸೋಮವಾರದ ವಿಷಯ. ಅವರ ಬೋರ್ಡಿನಲ್ಲಿ ಮೂರು ಬಗೆಯ ಗೆರೆಗಳಿದ್ದವು. ನೆನಪಿನ ಚಿಪ್ಪುಗಳಿಗೆ ಹೋಗುವವು; ಅವಕ್ಕೆ ಕಂಪೆನಿಯವರೇ ಐಬಿಸ್ ಕೊಟ್ಟಿದ್ದರು. ಅತಿ ವೇಗದ ನಾಲ್ಕು ಜೋಡಿಗಳು, ಅವಕ್ಕೆ ಎ.ಎಂ.ಐ. ಇತ್ತು, ನಡುವಿನ ಕನೆಕ್ಟರಿಗೆ ಟಚ್‌ಸ್ಟೋನ್ ಎಂಬ ಕಡತವೂ ಇತ್ತು. ಅದರಲ್ಲಿ ಒಂದೊಂದು ಆವರ್ತನಕ್ಕೂ ಇಷ್ಟು ಮುಂದೆ ಹೋಯಿತು, ಇಷ್ಟು ಮರಳಿತು ಎಂದು ಬರೆದಿರುತ್ತದೆ, ಜಮಾ ಖರ್ಚಿನ ಹಾಗೆ. ಇವೆರಡರಲ್ಲಿ ಚರ್ಚೆಯಿಲ್ಲ. ಮೂರನೆಯದು ಒಂದು ಹಳೆಯ ಚಿಪ್ಪು, ತಾಳದ ಸಂಕೇತವನ್ನು ಆರು ಕಡೆಗೆ ಹಂಚುವಂಥದು. ಅದನ್ನು ಮಾಡಿದವರಿಂದ ಯಾವ ಭಾಷೆಯಲ್ಲಿಯೂ ಮಾದರಿ ಸಿಗಲಿಲ್ಲ. ಬರೆದ ಕಾಗದಕ್ಕೆ ಉತ್ತರವೂ ಬರಲಿಲ್ಲ. ಬೇರೆ ಚಿಪ್ಪು ಹಾಕುವಂತಿಲ್ಲ, ಗಿರಾಕಿಯ ಹಟ.

ಜೊತೆಗೆ ಕೆಲಸ ಮಾಡುವ ಪಯ್ಯನ್ನೂರು ಕಡೆಯ ಹುಡುಗ, ಎಂ.ಟೆಕ್. ಓದಿದವನು, ವಿ.ಎಚ್.ಡಿ.ಎಲ್.-ಎ.ಎಂ.ಎಸ್.ನಲ್ಲಿ ನಾವೇ ಚೆಂದವಾಗಿ ಬರೆಯೋಣ ಎಂದ. ಅವನಿಗೆ ಆ ಭಾಷೆಯ ಮೇಲೆ ನಿಜವಾದ ಪ್ರೀತಿ. ಮುಖ್ಯಸ್ಥರು, ಅಷ್ಟೆಲ್ಲ ಏಕೆ, ಸ್ಪೈಸಿನಲ್ಲಿ 20 ಓಮ್ ಎಂದು ಒಂದು ಸಾಲು ಹಾಕಿ ಮುಗಿಸಿ ಎಂದರು. 20 ಎಂದು ಯಾರು ಹೇಳಿದ್ದು? 10 ಆಗಿದ್ದರೆ ಏನಾಗುತ್ತದೆಂದು ಆ ಚಲನ್ನಿನ ಹಿಂಬದಿಯಲ್ಲೇ ಇದೆ. ಇವಳದು ಮೂರನೆಯ ದಾರಿ: ಚಿಪ್ಪನ್ನು ಮೇಜಿನ ಮೇಲಿಟ್ಟು ಅಳೆಯುವುದು, ಅಳೆದದ್ದನ್ನು ಐಬಿಸ್‌ನಲ್ಲಿ ಬರೆಯುವುದು. ತಾನು ನಾಳೆ ಆ ಕಂಪೆನಿ ಬಿಟ್ಟರೂ ಮುಂದೆ ಬರುವವರು, ಯಾವ ತಂತ್ರಾಂಶ ಇದ್ದರೂ, ಅದನ್ನು ತೆರೆದು ಓದಬಹುದು ಎಂಬುದು ಅವಳ ವಾದ. ಚೆಂದದ ಭಾಷೆಯಲ್ಲಿ ಬರೆದು ಇಟ್ಟರೆ ಓದಬಲ್ಲವನು ಆ ಪಯ್ಯನ್ನೂರಿನವನೊಬ್ಬನೇ.

ಅಳೆಯುವುದೂ ಸುಲಭದ್ದಲ್ಲ. ಚಿಪ್ಪಿನ ಕಾಲಿಗೆ ಹೊರಗಿನಿಂದ -3.3 ವೋಲ್ಟಿನಿಂದ 6.6 ವೋಲ್ಟಿನವರೆಗೆ ಕೊಟ್ಟು ಒಂದೊಂದು ಹೆಜ್ಜೆಗೂ ಕರೆಂಟು ನೋಡಬೇಕು. ಹಿಂದಿರುಗುವ ಅಲೆ ಅಷ್ಟು ದೂರ ತಳ್ಳಬಹುದಾದ್ದರಿಂದ ಐಬಿಸ್ ಅಷ್ಟನ್ನೂ ಕೇಳುತ್ತದೆ. ಕೊನೆಕೊನೆಗೆ ಕ್ಷಣ ಹೆಚ್ಚು ಹಿಡಿದರೂ ಚಿಪ್ಪು ಸುಡುತ್ತದೆ, ಎರಡು ಸುಟ್ಟವಂತೆ. ಆಮೇಲೆ 50 ಓಮ್ ಹೊರೆ ಕಟ್ಟಿ, ಏರುವಾಗ ಇಳಿಯುವಾಗ ವೋಲ್ಟು ಹೇಗೆ ನಡೆಯುತ್ತದೆಂದು ಆಸಿಲೋಸ್ಕೋಪಿನಲ್ಲಿ ಹಿಡಿಯಬೇಕು.

ಸಾಮಾನ್ಯವಾಗಿ ಇರುವಷ್ಟು ಎಂಬ ಕಾಲಮು ಹೀಗೆ ತುಂಬಿತು. ಅತಿ ಕಡಿಮೆ, ಅತಿ ಹೆಚ್ಚು ಎಂಬ ಎರಡು ಕಾಲಮುಗಳು ಖಾಲಿ. ಅವುಗಳನ್ನು ನಿಜವಾಗಿ ಬಲ್ಲವರು ಕಾರ್ಖಾನೆಯವರು. ಶೇಕಡಾ 20 ಕಳೆದು ಒಂದರಲ್ಲಿ, 20 ಕೂಡಿಸಿ ಇನ್ನೊಂದರಲ್ಲಿ ಬರೆದುಬಿಡು, ಯಾರು ನೋಡುತ್ತಾರೆ ಎಂದರು ಮುಖ್ಯಸ್ಥರು. ಖಾಲಿ ಕಾಲಮು ಗಿರಾಕಿಯ ಎದುರು ಚೆನ್ನಾಗಿ ಕಾಣುವುದಿಲ್ಲ ಎಂದು ಅವರ ಚಿಂತೆ. ಐಬಿಸ್‌ನಲ್ಲಿ ಇದಕ್ಕೊಂದು ಮರ್ಯಾದೆಯ ದಾರಿ ಇದೆ: ಗೊತ್ತಿಲ್ಲದಲ್ಲಿ 'ಎನ್.ಎ.' ಎಂದು ಎರಡಕ್ಷರ ಬರೆಯಬಹುದು, ತಪಾಸಣೆಯ ತಂತ್ರಾಂಶ ಅದನ್ನು ಒಪ್ಪುತ್ತದೆ. ಅವಳು ಅದನ್ನೇ ಬರೆಯುತ್ತೇನೆಂದು ಹಟ ಹಿಡಿದಳು. ಸೋಮವಾರದ ಸಭೆ ಅದಕ್ಕೇ. ಕೆಲಸ ಕಾಯಂ ಆಗಿರಲಿಲ್ಲ. ಅಕ್ಕನಿಗೆ ಆ ಎರಡು ದಿನ ಹಬ್ಬದಡುಗೆ ರುಚಿಸಲಿಲ್ಲ. ಹೇಳಿದ ಹಾಗೆ ಕೇಳಬಾರದಾ ಎಂದು ನನ್ನ ಹತ್ತಿರ ಗುಟ್ಟಾಗಿ ಹೇಳಿದಳು. ನಾನು ಏನು ಹೇಳಲಿ? ಎಣಿಸದ ಕಟ್ಟನ್ನು ಎಣಿಸಿದೆ ಎಂದು ಬರೆಯುವ ಅಭ್ಯಾಸ ನಮ್ಮ ಕೌಂಟರಿನಲ್ಲಿಯೂ ಇಲ್ಲ ಎಂದೆ.

ಸಭೆಯಲ್ಲಿ ಅವಳು ಬರೇ ಬೇಡ ಎನ್ನಲಿಲ್ಲ. ಅಂಗಡಿಗಳಿಂದ ಬೇರೆ ಬೇರೆ ವರ್ಷದ ತಯಾರಿಕೆಯ ಹನ್ನೆರಡು ಚಿಪ್ಪುಗಳನ್ನು ತರಿಸಿ ಎಲ್ಲವನ್ನೂ ಅಳೆಯುವುದೆಂದೂ, ಕಂಡ ವ್ಯತ್ಯಾಸವನ್ನು ಟಿಪ್ಪಣಿಯಾಗಿ ಬರೆಯುವುದೆಂದೂ, ಚಿಪ್ಪಿನ ಕಾಲಿನ ಹತ್ತಿರ ಒಂದು ರೆಸಿಸ್ಟರಿಗೆ ಜಾಗ ಬಿಟ್ಟು 22ರಿಂದ 47 ಓಮಿನವರೆಗೆ ಎಲ್ಲವನ್ನೂ ಲೆಕ್ಕದಲ್ಲಿ ಓಡಿಸಿ ನೋಡುವುದೆಂದೂ ಹೇಳಿದಳು. ರೆಸಿಸ್ಟರಿನ ಉಪಾಯ ಚಲನ್ನಿನಲ್ಲಿಯೇ ತಾಳೆ ನೋಡಬಹುದು: 20 ಓಮಿನ ಒಳತಡೆಗೆ 30 ಸೇರಿಸಿದರೆ ಗೆರೆಯ 50ಕ್ಕೆ ಸಮ. ಹೊರಡುವುದು 1.65, ತುದಿಯಲ್ಲಿ ಇಮ್ಮಡಿಯಾಗಿ 3.3. ಹಿಂದಿರುಗಿದ ಅಲೆ ಚಿಪ್ಪಿನ ಬುಡದಲ್ಲಿಯೇ ತಣ್ಣಗಾಗುತ್ತದೆ. ಮುಖ್ಯಸ್ಥರು ಒಂದು ವಾರ ಕೊಟ್ಟರು. ಪಯ್ಯನ್ನೂರಿನ ಹುಡುಗ ತನ್ನ ಭಾಷೆಯನ್ನು ಬದಿಗಿಟ್ಟು ರಾತ್ರಿ ಕುಳಿತು ಅಳೆಯಲು ಜೊತೆಯಾದ.

ಬೋರ್ಡು ಜನವರಿಯಲ್ಲಿ ತಯಾರಾಗಿ ಬಂತು. ಆರು ಗೆರೆಗಳಲ್ಲಿ ಐದಕ್ಕೆ 33 ಓಮ್ ಕುಳಿತಿತು, ಉದ್ದದ ಒಂದಕ್ಕೆ 39 ಹಾಕಬೇಕಾಯಿತು. ಆಸಿಲೋಸ್ಕೋಪಿನ ಚಿತ್ರವನ್ನೂ ಲೆಕ್ಕದ ಚಿತ್ರವನ್ನೂ ಒಂದರ ಮೇಲೊಂದು ಇಟ್ಟು ನನಗೆ ಕಳುಹಿಸಿದ್ದಳು. ಎರಡು ಗೆರೆಗಳನ್ನು ಬೇರೆ ಮಾಡಲು ನಾನು ಕನ್ನಡಕ ಹಾಕಿಕೊಳ್ಳಬೇಕಾಯಿತು.

ಜೊತೆಗೆ ಆ ಐಬಿಸ್ ಕಡತದ ಒಂದು ಪುಟವೂ ಇತ್ತು. ಐಬಿಸ್‌ನಲ್ಲಿ ನೆಟ್ಟಗಿನ ಒಂದು ಗೀಟು ಹಾಕಿದರೆ ಆ ಸಾಲಿನಲ್ಲಿ ಮುಂದಿನದನ್ನು ಯಂತ್ರ ಓದುವುದಿಲ್ಲ, ಅದು ಮನುಷ್ಯರಿಗೆ ಬಿಟ್ಟ ಜಾಗ. ಕಡತದಲ್ಲಿ ಇಂಗ್ಲಿಷ್ ಅಕ್ಷರ ಬಿಟ್ಟು ಬೇರೆ ಲಿಪಿಗೆ ಅವಕಾಶವಿಲ್ಲ. ಹನ್ನೆರಡು ಚಿಪ್ಪುಗಳ ಟಿಪ್ಪಣಿಯನ್ನೆಲ್ಲ ಅವಳು ಇಂಗ್ಲಿಷಿನಲ್ಲಿಯೇ ಬರೆದಿದ್ದಳು. 'ಎನ್.ಎ.' ಇರುವ ಕಾಲಮುಗಳ ಮೇಲೆ ಮಾತ್ರ ಒಂದು ಗೀಟು ಹಾಕಿ, ಇಂಗ್ಲಿಷ್ ಅಕ್ಷರಗಳಲ್ಲಿ, 'ಅಳೆಯದೆ ತುಂಬಿಸಬೇಡಿ' ಎಂದು ಕನ್ನಡದಲ್ಲಿ ಬರೆದಿದ್ದಳು. ಅದರ ಕೆಳಗಿನ ಸಾಲಿನಲ್ಲಿ ಇನ್ನೊಂದು ಗೀಟು, ಬೇರೆ ಯಾರದೋ ಕೈ: 'ಶರಿ'. ತಪಾಸಣೆಯ ತಂತ್ರಾಂಶ ತಪ್ಪು ಸೊನ್ನೆ ಎಂದು ಕೊಟ್ಟಿತ್ತು.